ಗೇಟು ಹಾಡಿನ ಮೂರನೆಯ ಚರಣ

ನಮ್ಮ ಬ್ಯಾಂಡು ಮತ್ತೊಮ್ಮೆ ಊರೂರು ತಿರುಗಬೇಕೆಂದು ತೀರ್ಮಾನಿಸಿದ ದಿನ ಕಲಬುರಗಿಯ ಸ್ಟೇಶನ್ ಬಜಾರಿನ ಒಂದು ರೇಡಿಯೊ ರಿಪೇರಿ ಅಂಗಡಿಯಲ್ಲಿ ನಾವು ನಾಲ್ವರಿದ್ದೆವು. ಅಂಗಡಿಯ ಮಾಲೀಕನೇ ನಮ್ಮ ಗಿಟಾರು ವಾದಕ. ಜೊತೆಗೆ ರೈಲ್ವೆಯಿಂದ ನಿವೃತ್ತನಾದ ಡ್ರಮ್ಮಿನವನು, ಬೇಸ್ ಗಿಟಾರು ಹಿಡಿಯುವ ಮಿತಭಾಷಿ, ಮತ್ತು ಯಾವ ವಾದ್ಯವನ್ನೂ ನುಡಿಸಲಾರದ ನಾನು. ಐದನೆಯವನು, ಅಂದರೆ ಹಾಡುವವನು, ಬಂದಿರಲಿಲ್ಲ. ಅವನ ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷ ಕಳೆದಿತ್ತು. ಜೀವ ಉಳಿದಿತ್ತು, ದನಿ ಉಳಿದಿರಲಿಲ್ಲ.

ನಾನೇಕೆ ಆ ಬ್ಯಾಂಡಿನಲ್ಲಿದ್ದೆ ಎಂಬುದನ್ನು ಮೊದಲು ಹೇಳಬೇಕು. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಿಂದ ಢಾಲು ಗೆದ್ದು ತರುತ್ತಿದ್ದವನು. ವರದಕ್ಷಿಣೆಯ ವಿರುದ್ಧ ಮಾತನಾಡಿ ಗೆದ್ದ ಢಾಲನ್ನು ಬಗಲಲ್ಲಿ ಹಿಡಿದು ಓಣಿಗೆ ಬಂದ ಒಂದು ಮಧ್ಯಾಹ್ನ, ನಮ್ಮ ಪಕ್ಕದ ಮನೆಗೆ ಬೀಗರ ಕಡೆಯಿಂದ ಉಕ್ಕಿನ ಕಪಾಟು ಇಳಿಯುತ್ತಿತ್ತು. ಆ ಮನೆಯ ಯಜಮಾನರು ನನ್ನ ಭಾಷಣಕ್ಕೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದರು. ಆ ಕ್ಷಣದಲ್ಲಿ ಮಾತಿನ ಮೇಲಿನ ನನ್ನ ನಂಬಿಕೆ ಕುಸಿಯಲಿಲ್ಲ. ಆದರೆ ಮಾತಿಗೆ ಒಂದು ವಾಹನ ಬೇಕೆಂಬುದು ಸ್ಪಷ್ಟವಾಯಿತು. ಅದೇ ವರ್ಷ ಮೂವರು ಗೆಳೆಯರು ತಾವೇ ಕಟ್ಟಿಕೊಂಡ ಆಂಪ್ಲಿಫೈಯರಿಗೆ ಗಿಟಾರು ಜೋಡಿಸಿ, ಡ್ರಮ್ಮು ಬಾರಿಸಿ ಓಣಿಯ ಕಿಟಕಿಗಳನ್ನು ನಡುಗಿಸುತ್ತಿದ್ದರು. ನಾಲ್ಕನೆಯವನು ಕಮಲಾಪುರದಿಂದ ಬಂದ ಹುಡುಗ. ಅವನು ಬಾಯಿ ತೆರೆದರೆ ಆಂಪ್ಲಿಫೈಯರು ನಾಚಿಕೊಳ್ಳಬೇಕಿತ್ತು. ನಾನು ಅವರಿಗೆ ಹಾಡು ಬರೆದುಕೊಟ್ಟೆ, ವೇದಿಕೆಯ ಮೇಲೆ ನಿರೂಪಣೆಗೆ ನಿಂತೆ.

ನಿರೂಪಕನಾಗಿ ನಾನು ಒಂದು ನಿಯಮ ತಂದೆ. ನಮ್ಮ ಕಡೆ ಹಾಡಿನ ಕಾರ್ಯಕ್ರಮವೆಂದರೆ ಫರ್ಮಾಯಿಶ್ ಚೀಟಿಗಳು ಬಂದೇ ಬರುತ್ತವೆ. ತಮಗೆ ಬೇಕಾದ ಹಾಡನ್ನೋ ಮನಸ್ಸಿನ ಮಾತನ್ನೋ ಜನ ಚೀಟಿಯಲ್ಲಿ ಬರೆದು ವೇದಿಕೆಗೆ ಕಳಿಸುತ್ತಾರೆ. ಗೌಡರ ಚೀಟಿ ಮೊದಲು ಓದುವುದು, ಹಿಂದೆ ನಿಂತವರ ಚೀಟಿಯನ್ನು ಜೇಬಿಗೆ ಸೇರಿಸುವುದು ಅಂದಿನ ರೂಢಿ. ನಾನು ಅದನ್ನು ಒಪ್ಪಲಿಲ್ಲ. ಬಿದಿರಿನ ಬುಟ್ಟಿಯೊಂದು ಜನರ ಕೈಯಿಂದ ಕೈಗೆ ಸಾಗಿ ಬರಬೇಕು; ಬಂದ ಪ್ರತಿ ಚೀಟಿಯನ್ನೂ ಬಂದ ಕ್ರಮದಲ್ಲೇ, ಒಂದಕ್ಷರ ಬಿಡದೆ, ಗಟ್ಟಿಯಾಗಿ ಓದಬೇಕು. ಹೊಗಳಿಕೆಯಾದರೂ ಸರಿ, ಬೈಗುಳವಾದರೂ ಸರಿ. ನಮ್ಮ ಸಭೆಯಲ್ಲಿ ಮೇಲುಕೀಳಿಲ್ಲವೆಂಬುದನ್ನು ತೋರಿಸಲು ನನಗೆ ಅದಕ್ಕಿಂತ ನೇರವಾದ ದಾರಿ ಕಾಣಲಿಲ್ಲ. ಇಷ್ಟು ವರ್ಷಗಳಲ್ಲಿ ಒಂದು ಚೀಟಿಯನ್ನೂ ನಾನು ಮರೆಮಾಡಿಲ್ಲ.

ಆದರೆ ಒಂದು ಸುಳ್ಳು ಹೇಳಿದ್ದೆ.

ನಮ್ಮ ಹೆಸರನ್ನು ಊರೂರಿಗೆ ಒಯ್ದದ್ದು ಗೇಟು ಹಾಡು. ಮೇಲ್ಸೇತುವೆ ಬರುವ ಮೊದಲು ಕಲಬುರಗಿಯಲ್ಲಿ ರೈಲ್ವೆ ಗೇಟಿನ ಮುಂದೆ ನಿಂತು ಅರ್ಧ ಆಯುಷ್ಯ ಕಳೆದವರಿಗೆ ಅದು ಮೊದಲಿಗೆ ಬರೀ ತಮಾಷೆಯ ಹಾಡಾಗಿತ್ತು. ಕೇಳುತ್ತ ಕೇಳುತ್ತ, ಮುಚ್ಚಿದ ಗೇಟುಗಳು ರೈಲ್ವೆಯವು ಮಾತ್ರವಲ್ಲವೆಂದು ಅವರಿಗೇ ಹೊಳೆಯುತ್ತಿತ್ತು.

"ಗೇಟ್ ತಗೀರೋ ಅಣ್ಣಾ, ಗೇಟ್ ತಗೀರೋ,
ಹೊತ್ತು ಹೋಯ್ತು ನಮ್ದು, ಗೇಟ್ ತಗೀರೋ!"

ಎರಡನೆಯ ಸಾಲಿಗೆ ಗಾಯಕ ಮೈಕನ್ನು ಜನರತ್ತ ತಿರುಗಿಸುತ್ತಿದ್ದ. ಮೈದಾನಕ್ಕೆ ಮೈದಾನವೇ ಕೂಗುತ್ತಿತ್ತು.

ಆ ಹಾಡಿಗೆ ಮೂರು ಚರಣಗಳು. ಮೂರನೆಯದರ ಮೊದಲು ಡ್ರಮ್ಮು ಹದಿನಾರು ಎಣಿಕೆ ರೈಲಿನಂತೆ ಓಡಿ ಥಟ್ಟನೆ ನಿಲ್ಲಬೇಕು. ಆ ನಿಶ್ಶಬ್ದದಲ್ಲಿ ಗೇಟಿನ ಆಚೆ ಬದಿಯಲ್ಲಿ ನಿಂತ ಒಬ್ಬ ಹೆಣ್ಣುಮಗಳ ದನಿ ಒಂಟಿಯಾಗಿ ಏಳಬೇಕು:

"ಆ ಕಡೆ ನೀವು, ಈ ಕಡೆ ನಾನು,
ನಡುವ ಹೊಂಟ ರೈಲು ಯಾರದು?"

ನಾನು ಬರೆದುದರಲ್ಲಿ ನನಗೆ ಇವತ್ತಿಗೂ ನಾಚಿಕೆ ತರದ ಸಾಲುಗಳು ಇವೆರಡೇ. 'ಯಾರದು' ಎಂಬಲ್ಲಿ ಸ್ವರ ಎತ್ತರಕ್ಕೆ, ಬಹಳ ಎತ್ತರಕ್ಕೆ ಹೋಗುತ್ತದೆ. ನಮ್ಮ ಮೊಟ್ಟಮೊದಲ ಕಾರ್ಯಕ್ರಮ ಕಮಲಾಪುರದಲ್ಲೇ, ಗಾಯಕನ ಸ್ವಂತ ಊರಿನಲ್ಲೇ ನಡೆಯಿತು. ಅಂದು ಅವನ ಬಂಧುಬಳಗದೆದುರು ಆ ಸ್ವರ ಒಡೆದುಹೋಯಿತು. ಜನ ನಕ್ಕರು. ನಾನು ತಟ್ಟನೆ ಮೈಕು ಹಿಡಿದು, "ಸಮಯದ ಅಭಾವದಿಂದ ಈ ಹಾಡನ್ನು ಇಲ್ಲಿಗೇ ಮುಗಿಸುತ್ತಿದ್ದೇವೆ" ಎಂದೆ. ಸಮಯ ಬೇಕಾದಷ್ಟಿತ್ತು. ಮುಂದಿನ ಎಲ್ಲ ಊರುಗಳಲ್ಲೂ ಮೂರನೆಯ ಚರಣವಿಲ್ಲದೆಯೇ ಹಾಡು ಮುಗಿಯಿತು. ಕ್ರಮೇಣ ನೌಕರಿ, ಸಂಸಾರಗಳ ನಡುವೆ ಬ್ಯಾಂಡೂ ಮುಗಿಯಿತು.

ಹೊಸ ದನಿಯನ್ನು ನಾನು ಹುಡುಕಲಿಲ್ಲ. ಕೋಟನೂರಿನಿಂದ ಸ್ಟೇಶನ್ನಿಗೆ ಬರುವ ಸಿಟಿ ಬಸ್ಸಿನಲ್ಲಿ ಅದೇ ನನ್ನನ್ನು ಹಿಡಿಯಿತು. ಬಸ್ಸು ತುಂಬಿ ತುಳುಕುತ್ತಿತ್ತು. ಮೂವತ್ತರ ಆಸುಪಾಸಿನ ಮಹಿಳಾ ಕಂಡಕ್ಟರ್ ಮುಂದಿನ ಬಾಗಿಲ ಬಳಿ ನಿಂತಿದ್ದರು. ಅವರು ಕಿರುಚಲಿಲ್ಲ. "ಹಿಂದಿನವರು ಜರಾ ಒಳಗ ಸರೀರಿ, ನಡುವ ಖಾಲಿ ಅದ" ಎಂದು ಹೇಳಿದರು, ಅಷ್ಟೆ. ಎಂಜಿನ್ನಿನ ಸದ್ದು, ಹಾರ್ನು, ಜಗಳಗಳ ಮೇಲೆ ತೇಲಿ ಬಂದ ಆ ಮಾತು ಕೊನೆಯ ಸೀಟಿನಲ್ಲಿದ್ದ ನನ್ನ ಕಿವಿಗೆ ಪಕ್ಕದಲ್ಲೇ ಹೇಳಿದಂತೆ ತಲುಪಿತು. ನಾನು ಇಳಿಯಬೇಕಾದ ನಿಲ್ದಾಣವನ್ನು ಬಿಟ್ಟೆ. ಬಸ್ಸು ಖಾಲಿಯಾದ ಮೇಲೆ ಅವರೆದುರು ನಿಂತು, "ನೀವು ಹಾಡ್ತೀರೇನ್ರಿ?" ಎಂದು ಕೇಳಿದೆ.

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಟಿಕೀಟು ತಗೊಂಡೀರಿಲ್ರಿ ಸರ್ ಮೊದಲ?"

ಅವರು ಶರಣಸಿರಸಗಿಯವರು. ಬೌದ್ಧ ಕುಟುಂಬ, ವಿಹಾರದ ವಂದನೆಗಳಿಂದ ಹಿಡಿದು ಓಣಿಯ ಮದುವೆಗಳವರೆಗೆ ಹಾಡಿ ಬೆಳೆದವರು. ರಾಕ್ ಎಂದರೆ ಏನೆಂದು ಅವರು ಕೇಳಲಿಲ್ಲ. ತಾಲೀಮು ಎಷ್ಟು ಹೊತ್ತಿಗೆ ಎಂದು ಮಾತ್ರ ಕೇಳಿದರು, ಡ್ಯೂಟಿಯ ಪಾಳಿ ನೋಡಿಕೊಳ್ಳಬೇಕಿತ್ತು.

ಮೊದಲ ತಾಲೀಮಿನ ದಿನ ಅಂಗಡಿಯ ಷಟರ್ ಅರ್ಧ ಇಳಿಸಿ ಕುಳಿತೆವು. ಡ್ರಮ್ಮಿನವನಿಗೆ ಅನುಮಾನವಿತ್ತು. ಅವನು ಕಾಲೇಜಿನ ದಿನಗಳಿಂದಲೂ ನನ್ನನ್ನು ವಕೀಲನೆಂದೇ ಕರೆಯುತ್ತಾನೆ. ನಾನು ವಕೀಲನಾಗಿದ್ದದ್ದು ಒಂದು ದಿನವೂ ಇಲ್ಲ.

"ಲೇ ವಕೀಲಾ, ಗಂಡ್ಸಿನ ಹಾಡು ಹೆಂಗಸು ಹಾಡಿದ್ರ ಶ್ರುತಿ ಎಲ್ಲಿಗೆ ಹೋಗತದ ಗೊತ್ತದ ಏನು? ಇವನ ಗಿಟಾರ್ ತಂತಿ ಹರಿದು ಮಾರಿಗೆ ಬಡೀತಾವ."

"ಹರೀಲಿ ಬಿಡ್ರಿ ಕಾಕಾ, ಅಂಗಡ್ಯಾಗ ತಂತಿಗೇನು ಬರಗಾಲ" ಎಂದ ಆಕೆ ಹಾಡತೊಡಗಿದರು.

ಗಿಟಾರಿನವನು ಶ್ರುತಿ ಏರಿಸಿದ, ಮತ್ತೆ ಏರಿಸಿದ. ಹಳೆಯ ಹಾಡು ಹೊಸ ಎತ್ತರದಲ್ಲಿ ನಿಂತು ನಮ್ಮನ್ನೇ ಗುರುತಿಸದವರಂತೆ ನೋಡಿತು. ಅರ್ಧ ಷಟರಿನ ಕೆಳಗೆ ಬಜಾರಿನ ಜನರ ಕಾಲುಗಳು ಬಂದು ಸಾಲಾಗಿ ನಿಂತವು. ಚಪ್ಪಲಿ, ಬೂಟು, ಹಮಾಲರ ಬರಿಗಾಲು. ಹಾಡು ಮುಗಿದಾಗ ಡ್ರಮ್ಮಿನವನು ಕೋಲುಗಳನ್ನು ಕೆಳಗಿಟ್ಟು, "ಚಾ ತರಿಸೋ" ಎಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಒಪ್ಪಿಗೆ ಹುಟ್ಟುವುದಿಲ್ಲ.

ಆಗ ಆಕೆ ನನ್ನ ಹಳೆಯ ಹಾಡಿನ ವಹಿಯನ್ನು ತಿರುವುತ್ತ ಕೇಳಿದರು: "ಸರ್, ಇಲ್ಲಿ ಮೂರನೇ ಚರಣ ಅದ. ಇದು ಯಾಕ ಹಾಡಂಗಿಲ್ರಿ?"

ನಾವು ನಾಲ್ವರೂ ಚಹದ ಕಪ್ಪಿನೊಳಗೆ ನೋಡಿದೆವು. "ಟೈಮ್ ಸಾಲಂಗಿಲ್ಲವ್ವಾ" ಎಂದೆ. ಹೀಗೆ, ಹಳೆಯ ಸುಳ್ಳಿಗೆ ಹೊಸ ಕಿವಿಯೊಂದು ಸಿಕ್ಕಿತು.

ಉಳಿದದ್ದು ಒಂದು ಕೆಲಸ, ಮತ್ತು ಅದೇ ಕಠಿಣವಾದದ್ದು. ಹಳೆಯ ಗಾಯಕನ ಸಮ್ಮತಿಯಿಲ್ಲದೆ ಆ ಹಾಡುಗಳನ್ನು ಬೇರೊಬ್ಬರ ಕಂಠಕ್ಕೆ ಒಪ್ಪಿಸುವುದು ನನಗೆ ನ್ಯಾಯವೆನಿಸಲಿಲ್ಲ. ಕಮಲಾಪುರದಲ್ಲಿ ಹೊಸ ಗ್ರಂಥಾಲಯ ಕಟ್ಟಿದ ಯುವಕರು ಉದ್ಘಾಟನೆಯ ಸಂಜೆಗೆ ನಮ್ಮನ್ನು ಕರೆದಿದ್ದರು. ಅಲ್ಲಿಂದ ಮುಂದೆ ಐದು ಊರುಗಳು ಗೊತ್ತಾಗಿದ್ದವು. ಕಾರ್ಯಕ್ರಮಕ್ಕೆ ಒಂದು ವಾರವಿರುವಾಗ ನಾನೊಬ್ಬನೇ ಕಮಲಾಪುರಕ್ಕೆ ಹೋದೆ.

ಅವನು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಕೆಂಪು ಬಾಳೆಯ ಗೊನೆಯಿಂದ ಹಣಿಗೆಗಳನ್ನು ಬಿಡಿಸುತ್ತಿದ್ದ. ಪಕ್ಕದಲ್ಲಿ ದಿನಕ್ಕೊಂದು ಹಾಳಿ ಹರಿಯುವ ಕ್ಯಾಲೆಂಡರಿನ ಹಳೆಯ ಹಾಳಿಗಳ ಒಂದು ಕಟ್ಟು, ಅದರ ಮೇಲೊಂದು ಪೆನ್ಸಿಲು. ದನಿ ಹೋದಂದಿನಿಂದ ಅವನು ಹೇಳಬೇಕಾದುದನ್ನೆಲ್ಲ ಆ ಹಾಳಿಗಳ ಬೆನ್ನಿನ ಮೇಲೆ ಬರೆಯುತ್ತಾನೆ. ಕಳೆದ ದಿನಗಳು ಹೀಗಾದರೂ ಉಪಯೋಗಕ್ಕೆ ಬಂದವೆಂದು ಒಮ್ಮೆ ಬರೆದೂ ತೋರಿಸಿದ್ದ.

ನಾನು ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡಿದ್ದ ವಾದವನ್ನು ಮಂಡಿಸಿದೆ. ಹಾಡು ಹಾಡಿದವನಿಗಿಂತ ದೊಡ್ಡದು. ಹಾಡನ್ನು ಒಂದು ಕಂಠಕ್ಕೆ ಕಟ್ಟಿಹಾಕಿದರೆ ನಾವೇ ಒಂದು ಗೇಟು ಮುಚ್ಚಿದಂತೆ. ಮೇಲಾಗಿ ಈ ಕಾಲದ ಮಕ್ಕಳು ಅದನ್ನು ಕೇಳುವ ಹಕ್ಕುಳ್ಳವರು. ಅವನು ಕೇಳುತ್ತ ಬಾಳೆಹಣ್ಣು ಬಿಡಿಸುತ್ತಲೇ ಇದ್ದ. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಒಂದು ಹಾಳಿ ಎಳೆದು ಬರೆದು ತೋರಿಸಿದ: "ಭಾಷಣ ಮುಗೀತಾ?"

ಚಹಾ ತಂದ ಅವನ ಹೆಂಡತಿ ಬಾಗಿಲಲ್ಲೇ ನಿಂತು ನಕ್ಕರು. "ಅವರಿಗೆ ಮಾತಾಡಾಕ ಬರಂಗಿಲ್ಲಂತ ಅಣ್ಣಾರ, ಇಬ್ಬರ ಪಾಲಿಂದೂ ನೀವ ಮಾತಾಡಿದ್ರ ಹ್ಯಾಂಗ?"

ನಾನು ಪೆಚ್ಚಾದೆ. ಬಳಿಕ ವಾದ ಬಿಟ್ಟು ಗೆಳೆಯನಂತೆ ಹೇಳಿದೆ: "ನೀ ಬ್ಯಾಡ ಅಂದ್ರ ನಾವು ಮುಂದ ಹೋಗಂಗಿಲ್ಲಪಾ. ಕಮಲಾಪುರದ್ದು ಒಂದ ಕಾರ್ಯಕ್ರಮ ಮಾಡಿ ನಿಂದರಸ್ತೀವಿ. ಇದು ನನ್ನ ಮಾತು."

ಅವನು ಕೈಯಲ್ಲಿದ್ದ ಹಣಿಗೆಯನ್ನು ಕೆಳಗಿಟ್ಟ. ಆಮೇಲೆ ಇನ್ನೊಂದು ಹಾಳಿಯಲ್ಲಿ ಬರೆದ: "ಕೇಳಿ ಹೇಳತೀನಿ." ನಾನು ಹೊರಡುವಾಗ ನಾಲ್ಕು ಹಣಿಗೆ ಕೆಂಪು ಬಾಳೆಯನ್ನು ಚೀಲಕ್ಕೆ ತುಂಬಿಸಿದ. ಅದು ಒಪ್ಪಿಗೆಯೋ ಬರೀ ಅತಿಥಿಸತ್ಕಾರವೋ ತಿಳಿಯದೆ ನಾನು ಬಸ್ಸು ಹತ್ತಿದೆ.

ನಾನು ಕೊಟ್ಟ ಮಾತನ್ನು ಕೇಳಿ ಡ್ರಮ್ಮಿನವನು ಕೆರಳಿದ. "ಯಾರನ್ನ ಕೇಳಿ ಮಾತು ಕೊಟ್ಟಿ? ಐದು ಊರು ಕಾಯಾಕತ್ತಾವ, ಈ ಹುಡುಗಿ ಎರಡು ತಿಂಗಳ ಪಾಳಿ ಅದಲಿಬದಲಿ ಮಾಡ್ಕೊಂಡಾಳ!"

ಆಕೆ ಮಾತ್ರ ಶಾಂತವಾಗಿ, "ಇರಲಿ ಬಿಡ್ರಿ ಕಾಕಾ. ಅವರ ಸೀಟು ಅದು. ಅವರ ಹೇಳಬೇಕು" ಎಂದರು. ಆದರೆ ಬಾಳೆಹಣ್ಣು ಸುಲಿಯುತ್ತಿದ್ದ ಅವರ ಕೈ ನಿಂತುಹೋದದ್ದನ್ನು ನಾನು ಕಂಡೆ. ಅವರಿಗೆ ಆ ಐದು ಊರುಗಳು ಬೇಕಾಗಿದ್ದವು. ನಮಗೆಲ್ಲರಿಗಿಂತ ಹೆಚ್ಚಾಗಿ ಬೇಕಾಗಿದ್ದವು.

ಕಮಲಾಪುರದ ಮೈದಾನದಲ್ಲಿ ನಾಲ್ಕೂವರೆಗೇ ಜನ ನೆರೆದರು. ಬಿಸಿಲು ಇಳಿಯುತ್ತಿತ್ತು, ಕೆಂಪು ಮಣ್ಣಿನ ಧೂಳು ಎದ್ದು ಹೊಂಬಣ್ಣವಾಗುತ್ತಿತ್ತು. ಮುಂದಿನ ಸಾಲುಗಳಲ್ಲಿ ನಮ್ಮ ವಯಸ್ಸಿನವರು ತಮ್ಮ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಎಳೆದು ತಂದು ಕೂರಿಸಿದ್ದರು. ಎಡಗಡೆ, ಬೇವಿನ ಮರದ ಕೆಳಗೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ನಮ್ಮ ಹಳೆಯ ಗಾಯಕ ಕುಳಿತಿದ್ದ. ಕೊರಳಿಗೆ ಮಫ್ಲರು, ಪಕ್ಕದಲ್ಲಿ ಹೆಂಡತಿ. ನೂರಾರು ಸಭೆಗಳಲ್ಲಿ ಮಾತನಾಡಿದವನು ನಾನು, ಅವನನ್ನು ಕಂಡು ಮೊದಲ ವಾಕ್ಯಕ್ಕೇ ತಡವರಿಸಿದೆ.

ಗಿಟಾರು ಎದ್ದಿತು. ಆಹಾ, ಆ ಸದ್ದು! ಡ್ರಮ್ಮಿನವನ ಅರವತ್ತೆರಡು ವರ್ಷಗಳು ಎಲ್ಲಿಗೆ ಹೋದವೋ ಕಾಣೆ. ಮೊದಲೆರಡು ಹಾಡುಗಳಿಗೆ ಹಿರಿಯರು ಕೈಕಟ್ಟಿ ಕುಳಿತೇ ಕೇಳಿದರು. ಬುಟ್ಟಿ ಬಂತು. ನಾನು ನಿಯಮದಂತೆ ಒಂದೊಂದೇ ಚೀಟಿ ತೆಗೆದು ಓದಿದೆ.

"'ಹಳೇ ಸಿಂಗರ್ ಎಲ್ಲಿ?'" ಎಂಬುದು ಮೊದಲನೆಯದು. ಎರಡನೆಯದು: "'ಹೆಣ್ಣುಮಕ್ಕಳು ಹಾಡಿದ್ರ ಇದು ರಾಕ್ ಹ್ಯಾಂಗ ಆಗತದ? ಇದು ಸೋಬಾನ ಆಗತದ.'"

ಮೈದಾನ ಗೊಳ್ಳೆಂದಿತು. ನಾನು ಆಕೆಯತ್ತ ನೋಡುವ ಧೈರ್ಯ ಮಾಡಲಿಲ್ಲ. ಆಕೆ ಮೈಕಿನ ಹತ್ತಿರ ಬಂದು, ಬಸ್ಸಿನಲ್ಲಿ ಹೇಳುವಂತೆಯೇ ಹೇಳಿದರು: "ಚೀಟಿ ಬರದವರು ಹಿಂದ ನಿಂತೀರಿ ಅನಸ್ತದ. ಜರಾ ಮುಂದ ಬರ್ರಿ, ಇಲ್ಲಿ ಸೀಟ್ ಖಾಲಿ ಅವ. ಸೋಬಾನ ಅಂದ್ರಲ್ಲ, ಮದುಮಗ ನೀವ ಆಗ್ರಿ!"

ಈ ಸಲದ ನಗೆ ಬೇರೆಯದಾಗಿತ್ತು. ಆ ನಗೆಯ ಮೇಲೆಯೇ ಗೇಟು ಹಾಡು ಹೊರಟಿತು. ಎರಡನೆಯ ಸಾಲಿಗೆ ಆಕೆ ಮೈಕು ತಿರುಗಿಸಿದರು. "ಗೇಟ್ ತಗೀರೋ!" ಎಂದು ಮೈದಾನ ಕೂಗಿದಾಗ, ಕೈಕಟ್ಟಿದವರ ಕೈಗಳು ಬಿಚ್ಚಿದ್ದವು. ಎರಡು ಚರಣ ಮುಗಿದು ಹಾಡು ನಿಂತಿತು. ಚಪ್ಪಾಳೆ, ಸಿಳ್ಳು. ನಾನು ಬೇವಿನ ಮರದತ್ತ ನೋಡಿದೆ. ಅವನು ತಲೆ ಬಗ್ಗಿಸಿ ತೊಡೆಯ ಮೇಲೆ ಏನನ್ನೋ ಬರೆಯುತ್ತಿದ್ದ.

ಬುಟ್ಟಿ ಮತ್ತೆ ಕೈಯಿಂದ ಕೈಗೆ ಬಂತು. ಒಳಗೆ ಒಂದೇ ಚೀಟಿ. ಮಡಿಕೆಯ ಹೊರಗೆ ಕೆಂಪು ಅಂಕಿಯೊಂದು ಕಾಣುತ್ತಿತ್ತು, ಕ್ಯಾಲೆಂಡರಿನ ಒಂದು ಭಾನುವಾರ. ಬಿಡಿಸಿ ಮೊದಲು ಕಣ್ಣಲ್ಲೇ ಓದಿಕೊಂಡೆ. ನನ್ನ ನಿಯಮದಲ್ಲಿ ಅದಕ್ಕೂ ಅವಕಾಶವಿರಲಿಲ್ಲ, ಆದರೆ ಓದಿದೆ. ಒಂದು ಗಳಿಗೆ ಅದನ್ನು ಜೇಬಿಗೆ ಸೇರಿಸುವ ಆಸೆ ಹುಟ್ಟಿದ್ದು ನಿಜ. ಅದರಲ್ಲಿದ್ದದ್ದು ಅವನ ಗುಟ್ಟು; ಅವನ ಮರ್ಯಾದೆಗಾಗಿ ಮುಚ್ಚಿಡುತ್ತಿದ್ದೇನೆಂದು ನನ್ನನ್ನು ನಾನೇ ನಂಬಿಸಿಕೊಳ್ಳಬಹುದಿತ್ತು. ತಲೆಯೆತ್ತಿದರೆ ಅವನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನನ್ನನ್ನೇ ನೋಡುತ್ತಿದ್ದ.

ಓದಿದೆ. "'ಮೂರನೇ ಚರಣ ಹಾಡಸ್ರಿ. ಇದ ಊರಾಗ ನನಗ ಅದು ಏರಲಿಲ್ಲ, ಅದಕ್ಕ ಬಿಟ್ಟಿದ್ವಿ. ಟೈಮ್ ಇಲ್ಲ ಅಂತ ವಕೀಲ ಸುಳ್ಳು ಹೇಳಿದ್ದ.'" ಉಸಿರೆಳೆದು ಸೇರಿಸಿದೆ, "ಬರೆದವರು, ನಮ್ಮ ಬ್ಯಾಂಡಿನ ಮೊದಲ ಗಾಯಕರು. ಬರೆದದ್ದು ಖರೇ ಅದ. ಆ ಸುಳ್ಳು ನಂದು."

ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು, "ನನಗ ನೆಪ್ಪದ! ನಾನೂ ನಕ್ಕಿದ್ದೆ ಅವತ್ತ!" ಎಂದು ಕೂಗಿ, ಬೇವಿನ ಮರದತ್ತ ತಿರುಗಿ ಎರಡೂ ಕೈ ಜೋಡಿಸಿದರು. ಅವನು ಆ ಕೈಗಳನ್ನು ಗಾಳಿಯಲ್ಲೇ ತಳ್ಳಿಹಾಕಿ ವೇದಿಕೆಯತ್ತ ಬೆರಳು ತೋರಿಸಿದ: ಅಲ್ಲಿ ನೋಡ್ರಿ.

ನಾನು ಮೈಕು ಮುಚ್ಚಿ ಆಕೆಯನ್ನು ಕೇಳಿದೆ. "ಬರತದೇನವ್ವಾ? ತಾಲೀಮು ಮಾಡಿಲ್ಲ ನಾವು."

"ಬರತದ್ರಿ ಸರ್. ಗಿಟಾರ್ ಕಾಕಾ ಧಾಟಿ ಹೇಳಿಕೊಟ್ಟಾರ. ಟೈಮ್ ಸಾಲಂಗಿಲ್ಲ ಅಂದ್ರಿ ನೀವು, ನಮ್ಮ ಬಸ್ ಡಿಪೋದಾಗ ನಿಂತಾಗ ಟೈಮೇ ಟೈಮ್ ಇರತದ."

ಗಿಟಾರಿನವನು ತಂತಿ ಬಿಗಿಯುವ ನೆಪದಲ್ಲಿ ನನ್ನಿಂದ ಮುಖ ತಿರುಗಿಸಿದ.

ಡ್ರಮ್ಮು ಓಡಿತು. ಹದಿನಾರು ಎಣಿಕೆ, ಆದರೆ ನಲವತ್ತು ವರ್ಷಗಳಿಂದ ಆ ರೈಲನ್ನು ಓಡಿಸದ ನನ್ನ ಗೆಳೆಯ ಹುಮ್ಮಸ್ಸಿನಲ್ಲಿ ಎಣಿಕೆ ಮರೆತ. ಹದಿನಾರು ದಾಟಿತು, ಇಪ್ಪತ್ತಾಯಿತು, ರೈಲು ನಿಲ್ಲುವ ಲಕ್ಷಣವಿಲ್ಲ. ಬೇಸ್ ಗಿಟಾರಿನವನು ಅಂದಿನ ತನ್ನ ಏಕೈಕ ಮಾತನ್ನಾಡಿದ: "ಸಾಕಲೇ!" ಡ್ರಮ್ಮು ಎಡವಿದಂತೆ ನಿಂತಿತು. ಆಕೆ ಹೆದರಲಿಲ್ಲ, ತಡವಾದ ಬಸ್ಸನ್ನು ಕಾಯುವಷ್ಟು ಸಹಜವಾಗಿ ಆ ನಿಶ್ಶಬ್ದ ಪೂರ್ತಿ ನೆಲೆಗೊಳ್ಳಲೆಂದು ಕಾದರು. ಅನಂತರ ಹಾಡಿದರು.

"ಆ ಕಡೆ ನೀವು, ಈ ಕಡೆ ನಾನು,
ನಡುವ ಹೊಂಟ ರೈಲು ಯಾರದು?"

ಆ ಸ್ವರ ಏರಿತು. ಮೈದಾನದ ಮೇಲೆ, ಬೇವಿನ ಮರದ ಮೇಲೆ, ಊರಿನ ಮಾಳಿಗೆಗಳ ಮೇಲೆ ಏರಿ ನಿಂತಿತು, ಒಡೆಯಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹೆಣ್ಣಿನ ದನಿಗೆಂದು ಬರೆದ ಸಾಲನ್ನು ಗಂಡಸಿನ ಕೊರಳಿಗೆ ಹೊರಿಸಿ, ಅದು ಒಡೆದಾಗ ಸಾಲನ್ನೇ ಅಳಿಸಿಹಾಕಿದ ನಮ್ಮ ತಿಳಿಗೇಡಿತನ ನನಗೆ ಆಗ ಅರ್ಥವಾಯಿತು. ಆ ಚರಣ ಇಷ್ಟು ಕಾಲ ಗೇಟಿನ ಆಚೆ ನಿಂತಿತ್ತು. ಗೇಟು ಹಾಕಿದವರು ನಾವೇ. ಹಿಂದಿನ ಸಾಲುಗಳಲ್ಲಿ ನಿಂತಿದ್ದ ಹೆಣ್ಣುಮಕ್ಕಳು ಮುಂದೆ ಮುಂದೆ ಬರುತ್ತಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ.

ಚಪ್ಪಾಳೆ ಮುಗಿಯುವ ಮೊದಲೇ ಬುಟ್ಟಿ ಹೊರಟಿತ್ತು. ಈ ಬಾರಿ ಜನ ಅದನ್ನು ತಲೆಯ ಮೇಲೆ ಎತ್ತಿ ಎತ್ತಿ ದಾಟಿಸಿದರು, ಯಾರ ಚೀಟಿಯೆಂದು ಎಲ್ಲರಿಗೂ ಗೊತ್ತಿತ್ತು. ನಮ್ಮ ಐದೂ ಊರುಗಳು ಆ ಬುಟ್ಟಿಯಲ್ಲಿದ್ದವು. ಆಕೆ ನನ್ನ ಪಕ್ಕ ಬಂದು ನಿಂತರು.

ನಾನು ಮೊದಲು ಕಣ್ಣಲ್ಲಿ ಓದಿಕೊಳ್ಳಲಿಲ್ಲ. ಬಿಡಿಸಿ, ನೇರ ಮೈಕಿಗೆ ಓದಿದೆ.

"'ಒನ್ಸ್ ಮೋರ್. ಮುಂದಿನ ಊರಿಗೆ ಹೋಗೂದರಾಗ ಡ್ರಮ್ಮಿನಾಂವಗ ಹದಿನಾರರ ತನಕ ಎಣಿಸೂದು ಕಲಸ್ರಿ.'"